ಅಂಚು ಸೀದ ಕಜ್ಜಾಯ

ನಾನು ಹಡಗು ಹತ್ತಿದ್ದು ಜೀವಮಾನದಲ್ಲಿ ಒಂದೇ ಸಲ. ಸಂಜೆ ಕೊಚ್ಚಿಯಲ್ಲಿ ಹತ್ತಿ, ರಾತ್ರಿಯೆಲ್ಲ ಸಮುದ್ರದ ಮೇಲಿದ್ದು, ಬೆಳಿಗ್ಗೆ ಲಕ್ಷದ್ವೀಪದ ಒಂದು ಸಣ್ಣ ದ್ವೀಪ ಮುಟ್ಟುವ ಹಡಗು ಅದು. ಜೊತೆಯಲ್ಲಿ ನಮ್ಮವ್ವ ಇದ್ದಳು. ಎಪ್ಪತ್ತನಾಲ್ಕು ವರ್ಷದ ಅವಳ ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ, ಡಬ್ಬಿಯ ತುಂಬ ಕಜ್ಜಾಯ. ಸತ್ತವಳೆಂದು ಇಪ್ಪತ್ತೇಳು ವರ್ಷ ನಾವು ಎಡೆ ಇಡುತ್ತ ಬಂದ ನಮ್ಮಕ್ಕನಿಗೆ ಅದನ್ನು ಕೈಯಾರೆ ತಿನ್ನಿಸಬೇಕೆಂದು ಅವ್ವ ಹೊರಟಿದ್ದಳು. ಅಕ್ಕ ಸತ್ತಿರಲಿಲ್ಲ. ಇನ್ನು ಹೆಚ್ಚು ದಿನ ಇರುವುದೂ ಇಲ್ಲ ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದ್ದರು.

ನಮ್ಮೂರಿನ ಹೆಸರು ಮಾವನಲ್ಲ, ತಮಿಳುನಾಡಿನ ನೀಲಗಿರಿಯಲ್ಲಿ, ಮಸಿನಗುಡಿಯ ಪಕ್ಕ. ತಾತ ಗುಂಡ್ಲುಪೇಟೆ ಕಡೆಯಿಂದ ದನ ಹೊಡೆದುಕೊಂಡು ಬಂದು ಇಲ್ಲೇ ನೆಲೆ ನಿಂತವನು. ಅಪ್ಪ ದನ ಸಾಕಿದ, ಇದ್ದ ಚೂರು ಹೊಲದಲ್ಲಿ ರಾಗಿ, ಅವರೆ ಬೆಳೆದ. ನಾನು ಜೀಪು ಓಡಿಸುತ್ತೇನೆ. ರಿಸಾರ್ಟಿಗೆ ಬಂದವರಿಗೆ ಆನೆ ತೋರಿಸುವುದು ನನ್ನ ಉದ್ಯೋಗ. ಆನೆ ಕಾಣದ ದಿನ, ಅದನ್ನು ನಾನೇ ಎಲ್ಲೋ ಬಚ್ಚಿಟ್ಟಿದ್ದೇನೆ ಅನ್ನುವ ಹಾಗೆ ನನ್ನನ್ನು ಗುರಾಯಿಸುತ್ತಾರೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಓದಿನಲ್ಲಿ ಚುರುಕು, ಬಾಯಿಯಲ್ಲಿ ಅದಕ್ಕಿಂತ ಚುರುಕು. ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದು ಕಲ್ಲಿಕೋಟೆಗೆ ಹೋದಳು. ಗೂಡಲೂರಿಗೆ ಹೋಗಿ ಅವಳನ್ನು ಬಸ್ಸು ಹತ್ತಿಸುವ ಕೆಲಸ ನನ್ನದು. ಓದು ಮುಗಿಯಿತು ಅನ್ನುವಷ್ಟರಲ್ಲಿ ಒಂದು ಕಾಗದ ಬಂತು. ಅಲ್ಲೇ ಔಷಧಿ ಕೊಡುವ ಕೆಲಸ ಕಲಿಯುತ್ತಿದ್ದ ದ್ವೀಪದ ಹುಡುಗನೊಬ್ಬನನ್ನು ಮದುವೆಯಾಗಿದ್ದೇನೆ, ಅವನ ಊರಿಗೆ ಹೋಗುತ್ತಿದ್ದೇನೆ, ಅವರ ಮತ ಬೇರೆ, ನೀವು ಬೈದರೂ ಸರಿ, ಬಂದು ಬೈಯಿರಿ ಎಂದು ಬರೆದಿದ್ದಳು. ಅದೂ ಅವಳ ಮಾತಿನ ರೀತಿಯೇ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಾವಿಯ ಹತ್ತಿರ ಹೋಗಿ ತಲೆಗೆ ನೀರು ಹೊಯ್ದುಕೊಂಡು ಒದ್ದೆ ಪಂಚೆಯಲ್ಲೇ ಬಂದ. ನನ್ನನ್ನೂ ಕರೆದು ಕೂರಿಸಿ, ಅಂಗೈಗೆ ಕರಿ ಎಳ್ಳು ಹಾಕಿದ. "ಇವತ್ತಿಗೆ ಅವ್ಳು ಸತ್ಲು. ನೀರು ಬುಡು" ಅಂದ. ನಾನು ಬಿಟ್ಟೆ. ಹತ್ತೊಂಬತ್ತು ವರ್ಷದ ಗಂಡಸು, ಆಗಲ್ಲ ಅನ್ನಬಹುದಿತ್ತು, ಎದ್ದು ಹೋಗಬಹುದಿತ್ತು. ಅಪ್ಪನ ಮುಖ ನೋಡಿ ಹೆದರಿ, ಬದುಕಿರುವ ಅಕ್ಕನಿಗೆ ಎಳ್ಳುನೀರು ಬಿಟ್ಟು ಕೈ ತೊಳೆದುಕೊಂಡು ಬಂದೆ. ಈಗಲೂ ಎಳ್ಳಿನ ಉಂಡೆ ಕಂಡರೆ ನನಗೆ ಆಗುವುದಿಲ್ಲ.

ಅವ್ವ ಅವತ್ತು ಒಂದು ಮಾತೂ ಆಡಲಿಲ್ಲ. ಅವಳು ಮಾತಾಡಿದ್ದು ಆ ವರ್ಷದ ಹಿರಿಯರ ಹಬ್ಬದಲ್ಲಿ, ಮಹಾಲಯ ಅಮಾವಾಸ್ಯೆಯ ದಿನ. ನಮ್ಮಲ್ಲಿ ಅವತ್ತು ತೀರಿಕೊಂಡವರಿಗೆಲ್ಲ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕುತ್ತಾರೆ. ಆಮೇಲೆ ಮನೆಯವರೆಲ್ಲ ಅಂಗಳಕ್ಕೆ ಬಂದು ಬಾಗಿಲು ಮುಚ್ಚಿಬಿಡಬೇಕು. ಹಿರಿಯರು ಬಂದು ಉಣ್ಣುವ ಹೊತ್ತು ಅದು, ಯಾರೂ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಅದೇ ಎಡೆಯನ್ನು ನಾವು ಹಂಚಿಕೊಂಡು ತಿನ್ನುವುದು. ಆ ವರ್ಷ ತಾತನಿಗೆ, ಅಜ್ಜಿಗೆ ಎಲೆ ಹಾಕಿದ ಅವ್ವ ಪಕ್ಕದಲ್ಲಿ ಮೂರನೆಯದನ್ನೂ ಹಾಕಿದಳು.

"ಇದ್ಯಾರಿಗೆ?" ಎಂದು ಅಪ್ಪ ಕೇಳಿದ.

"ನೀವೇ ಸತ್ಲು ಅಂದ್ರಲ್ಲ. ಸತ್ತೋರಿಗೆ ಎಡೆ ಇಕ್ದೆ ಇರಕ್ಕಾಯ್ತದಾ?"

 ಅಪ್ಪನೇ ಹಾಕಿದ ಗಂಟು, ಬಿಚ್ಚಿದರೆ ಮಗಳು ಬದುಕಿದ್ದಾಳೆ ಎಂದು ಒಪ್ಪಿಕೊಂಡ ಹಾಗೆ. ಸುಮ್ಮನೆ ಧೂಪ ಹಾಕಿದ. ಅವತ್ತಿನಿಂದ ಪ್ರತಿ ವರ್ಷ ಅವ್ವ ಅಕ್ಕನಿಗೆ ಅಡುಗೆ ಮಾಡಿದಳು. ಅಕ್ಕನಿಗೆ ಕಜ್ಜಾಯ ಅಂದರೆ ಪ್ರಾಣ, ಅದೂ ಗಸಗಸೆ ಹಾಕದೆ, ಅಂಚು ಸೀದು ಕರುಮ್ ಅನ್ನುವ ಹಾಗಿರಬೇಕು. ಅವ್ವ ಉಳಿದದ್ದನ್ನೆಲ್ಲ ಹದವಾಗಿ ಬೇಯಿಸಿ, ಕೊನೆಯ ಒಂದು ಒಬ್ಬೆಯನ್ನು ಬೇಕೆಂದೇ ಎಣ್ಣೆಯಲ್ಲಿ ಬಿಟ್ಟು ಸೀಯಿಸುತ್ತಿದ್ದಳು. ಹೊಸ ಸೀರೆ ಇಡುತ್ತಿದ್ದಳು. ಬಾಗಿಲು ಮುಚ್ಚಿದ ಮೇಲೆ ನಾವೆಲ್ಲ ಅಂಗಳದಲ್ಲಿ ಹರಟುತ್ತಿದ್ದರೆ ಅವಳೊಬ್ಬಳು ಬಾಗಿಲಿಗೆ ಕಿವಿ ಕೊಟ್ಟು ನಿಂತಿರುತ್ತಿದ್ದಳು. ಏನು ಕೇಳಿಸುತ್ತದೆ ಎಂದು ನಾನು ತಮಾಷೆ ಮಾಡಿದರೆ, "ಸುಮ್ಕಿರ್ಲಾ" ಅನ್ನುತ್ತಿದ್ದಳು.

ಆ ಸೀದ ಕಜ್ಜಾಯವನ್ನು ಪ್ರತಿ ವರ್ಷ ತಿಂದವನು ನಾನು. ಚೆನ್ನಾಗಿಯೇ ಇರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅಪ್ಪ ತೀರಿಕೊಂಡು ಮೂರು ವರ್ಷವಾದ ಮೇಲೆ, ಒಂದು ಬೇಸಿಗೆಯ ಮಧ್ಯಾಹ್ನ, ನನ್ನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಯಾರೋ ಜೀಪು ಕೇಳುವವರು ಎಂದುಕೊಂಡು ಎತ್ತಿದೆ.

"ತಮ್ಮಯ್ಯಾ, ನಾನು. ಗುರ್ತು ಸಿಕ್ತಾ?"

ಸಿಗದೆ ಏನು. ಕನ್ನಡದ ಅಂಚಿಗೆ ಮಲಯಾಳದ ಎಳೆತ ಸೇರಿಕೊಂಡಿತ್ತು, ಉಳಿದಂತೆ ಅದೇ ದನಿ. ರಸ್ತೆ ಬದಿಗೆ ಜೀಪು ನಿಲ್ಲಿಸಿ ನಾನು ಅತ್ತೆ. ಅವಳು ಅಳಲಿಲ್ಲ, ತನ್ನ ಕಾಯಿಲೆಯನ್ನು ನರ್ಸಮ್ಮನ ಹಾಗೆ ವಿವರಿಸಿದಳು. ಎಂಟು ತಿಂಗಳು ಕೊಚ್ಚಿಯ ಆಸ್ಪತ್ರೆಯಲ್ಲಿದ್ದಳಂತೆ. ಇನ್ನು ಮಾಡುವಂಥದ್ದೇನೂ ಇಲ್ಲ ಎಂದ ಮೇಲೆ ಗಂಡನೂ ಮಗನೂ ಮನೆಗೆ ಕರೆದುಕೊಂಡು ಬಂದಿದ್ದರಂತೆ. ನನಗೆ ಸಿಟ್ಟು ನೆತ್ತಿಗೇರಿತು. ಕೊಚ್ಚಿಗೆ ಗೂಡಲೂರಿನಿಂದ ಬಸ್ಸಿನಲ್ಲಿ ಒಂದು ಹಗಲಿನ ದಾರಿ, ಅಲ್ಲಿದ್ದಾಗ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ.

"ತಲೇಲಿ ಕೂದ್ಲಿರ್ಲಿಲ್ಲ ಕನೋ. ಅವ್ವ ದಿನಾ ಎಣ್ಣೆ ಹಚ್ಚಿ ಬಾಚಿದ್ ಕೂದ್ಲು. ಎಂಗ್ ತೋರ್ಸ್ಲಿ?" ಅಂದಳು. ಆಮೇಲೆ ಅಪ್ಪನನ್ನು ಕೇಳಿದಳು. ಹೇಳಿದೆ. 

ಅವ್ವನಿಗೆ ವಿಡಿಯೋ ಕರೆಯಲ್ಲಿ ತೋರಿಸಲು ಹೋದೆ. ದ್ವೀಪದ ಸಿಗ್ನಲ್ಲು ನಿಂತು ನಿಂತು ಬಂದು, ಅಕ್ಕನ ಮುಖ ಚೂರು ಚೂರಾಗಿ ಕಂಡಿತು. ಅವ್ವ ಫೋನನ್ನು ಮಗುಚಿ ಇಟ್ಟುಬಿಟ್ಟಳು. "ಗಾಜಿಗೆ ತಿನ್ಸಕ್ಕಾಯ್ತದಾ? ನಂಗೆ ಅವ್ಳ ಬಾಯ್ಗೆ ಒಂದ್ಸಲ ಇಕ್ಬೇಕು, ಕರ್ಕಂಡೋಗು" ಅಂದಳು. ಅಷ್ಟೇ. ಅವಳು ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಅದೊಂದೇ.

ಆ ದ್ವೀಪಕ್ಕೆ ವಿಮಾನ ಇಲ್ಲ, ಹಡಗೇ ಗತಿ. ಹಡಗು ಹತ್ತಬೇಕಾದರೂ ಪರ್ಮಿಟ್ ಬೇಕು, ಪರ್ಮಿಟ್ಟಿಗೆ ನಮ್ಮ ಕಡೆಯ ಪೊಲೀಸರ ಕಾಗದ ಬೇಕು. ಸ್ಟೇಷನ್ನಿನಲ್ಲಿದ್ದವನು ನಮ್ಮ ಪಕ್ಕದ ಬೀದಿಯ ಹುಡುಗ. ಯಾರನ್ನು ನೋಡುವುದಕ್ಕೆ ಎಂದು ತಮಿಳಿನಲ್ಲಿ ಕೇಳಿದ. ಅಕ್ಕನನ್ನು ಅಂದೆ. ಅವನು ಪೆನ್ನು ಕೆಳಗಿಟ್ಟು, "ಅಣ್ಣಾ, ನಿಮ್ಮಕ್ಕ ಆಗಲೇ ತೀರಿಹೋದವರಲ್ಲವಾ? ನಿಮ್ಮನೇಲಿ ಅವರಿಗಿಟ್ಟ ಎಡೆಯ ಕಜ್ಜಾಯ ನಾನೂ ತಿಂದಿದ್ದೀನಲ್ಲ" ಅಂದ. ನನಗೆ ನಗು ಬಂತು. ಇದನ್ನೆಲ್ಲ ಬರೆಸಿ ಕಳಿಸಿ, ಅತ್ತಲಿಂದ ಅಕ್ಕನ ಮಗ ಓಡಾಡಿ ಪರ್ಮಿಟ್ ಮಾಡಿಸುವಷ್ಟರಲ್ಲಿ ಮೇ ತಿಂಗಳ ಕೊನೆ ಬಂತು. ಮುಂಗಾರಿಗೆ ಮುಂಚಿನ ಕೊನೆಯ ಕೆಲವು ಹಡಗುಗಳಲ್ಲಿ ಒಂದಕ್ಕೆ ಟಿಕೆಟ್ ಸಿಕ್ಕಿತು.

ಹೊರಡುವ ಹಿಂದಿನ ದಿನ ಅವ್ವ ಕಜ್ಜಾಯ ಮಾಡಿದಳು. ಈ ಸಲ ಎಲ್ಲ ಒಬ್ಬೆಯೂ ಸೀದದ್ದೇ. ಅಡುಗೆಮನೆ ತುಂಬ ಹೊಗೆ. ನನ್ನ ಹೆಂಡತಿ ಕೆಮ್ಮುತ್ತ ಕಿಟಕಿ ತೆಗೆದಳು.

ಕೊಚ್ಚಿಯಲ್ಲಿ ಹಡಗನ್ನು ನೋಡಿ ಅವ್ವ, "ಇದು ತೇಲ್ತದಾ?" ಎಂದು ಕೇಳಿದಳು. ಆ ಪ್ರಶ್ನೆ ನನಗೂ ಇತ್ತು. ಬಿಳಿ ಬಣ್ಣ ಬಳಿದ ಹಳೆಯ ಹಡಗು, ಬಣ್ಣದ ಅಡಿಯಿಂದ ತುಕ್ಕು ಇಣುಕುತ್ತಿತ್ತು. ಮೆಟ್ಟಿಲ ಪಕ್ಕದ ಮರದ ಹಿಡಿಕೆ ಲಕ್ಷಾಂತರ ಕೈ ತಾಗಿ ನುಣುಪಾಗಿತ್ತು. ಊರಿಗೆ ಮರಳುವ ದ್ವೀಪದವರು ಮೊಟ್ಟೆಯ ಟ್ರೇ, ಪ್ಲಾಸ್ಟಿಕ್ ಕುರ್ಚಿ, ಬುಟ್ಟಿಯಲ್ಲಿ ಕೋಳಿ, ಔಷಧಿಯ ಚೀಲ ಎಲ್ಲ ಹೊತ್ತು ಹತ್ತುತ್ತಿದ್ದರು. ಒಂದು ಮೂಲೆಯಲ್ಲಿ ಕ್ಯಾರೆಟ್ ಮೂಟೆಗಳು ಬಿದ್ದಿದ್ದವು. ಅವ್ವ ಚೀಲದ ಕಣ್ಣಿನಿಂದ ಒಂದನ್ನು ಮುಟ್ಟಿ ನೋಡಿ, "ನಮ್ ಬೆಟ್ಟದ್ದು. ಊಟಿ ಪಕ್ಕದ್ ನಂಜನಾಡಿಂದೇ ಇರ್ಬೇಕು" ಅಂದಳು. ಎಲ್ಲಿಯ ಕ್ಯಾರೆಟ್ಟೋ ನನಗೆ ಗೊತ್ತಿಲ್ಲ. ಹೌದು ಅಂದೆ, ಅವಳಿಗೆ ಧೈರ್ಯ ಬರಲಿ ಎಂದು.

ನಮ್ಮದು ಬಂಕ್ ಕ್ಲಾಸು. ಕೆಳಗಿನ ದೊಡ್ಡ ಹಾಲಿನಲ್ಲಿ ಸಾಲಾಗಿ ಒಂದರ ಮೇಲೊಂದು ಮಲಗುವ ಹಲಗೆಗಳು, ಎಂಜಿನ್ನಿನ ನಡುಕ, ಡೀಸೆಲ್ ಮತ್ತು ಒದ್ದೆ ಬಟ್ಟೆಯ ವಾಸನೆ. ಹಡಗು ಕೂಗಿ ಬಂದರಿನಿಂದ ಹೊರಟಾಗ ನಾವು ಮೇಲೆ ಕಟಕಟೆ ಹಿಡಿದು ನಿಂತಿದ್ದೆವು. ದಡದ ಮನೆಗಳು ಸಣ್ಣಗಾಗಿ, ಮರಗಳು ಒಂದು ಗೆರೆಯಾಗಿ, ಆಮೇಲೆ ಆ ಗೆರೆಯೂ ಹೋಯಿತು. ಹುಟ್ಟಿದಂದಿನಿಂದ ಯಾವ ಕಡೆ ತಿರುಗಿದರೂ ಒಂದು ಬೆಟ್ಟ ಕಾಣುವ ಊರಿನವರು ನಾವು. ಯಾವ ಕಡೆಯೂ ಏನೂ ಇಲ್ಲದ್ದನ್ನು ನೋಡಿ ನಾನು ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಕ್ಕ ಇಪ್ಪತ್ತಮೂರನೆಯ ವಯಸ್ಸಿಗೆ ಇದನ್ನು ನಮ್ಮವರು ಯಾರೂ ಜೊತೆಗಿಲ್ಲದೆ ನೋಡಿದ್ದಳಲ್ಲ ಎಂದುಕೊಂಡೆ.

"ಇಷ್ಟು ನೀರು ಮಡಿಕ್ಕಂಡು ಒಂದ್ ತೊಟ್ಟು ಕುಡಿಯಕ್ಕಾಗಲ್ಲ ಅಂತಾರಲ್ಲ" ಎಂದು ಅವ್ವ ಸಮುದ್ರದ ಮೇಲೇ ಸಿಟ್ಟು ಮಾಡಿಕೊಂಡಳು.

ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವನ್ನು ಒಂದು ಕೈಯಲ್ಲಿ ಇಳಿಸುತ್ತೇನೆಂದು ಜಂಬ ಕೊಚ್ಚಿಕೊಳ್ಳುವ ನನಗೆ ಕತ್ತಲಾಗುವುದರೊಳಗೆ ಹೊಟ್ಟೆ ತೊಳಸಿತು. ಕ್ಯಾಂಟೀನಿನ ಪರೋಟ, ಮೊಟ್ಟೆ ಸಾರು ಎಲ್ಲ ಹೊರಗೆ ಬಂತು. ಅವ್ವನಿಗೆ ಏನೂ ಆಗಲಿಲ್ಲ. ಪಕ್ಕದ ಬಂಕಿನ ದ್ವೀಪದ ಹೆಂಗಸೊಬ್ಬಳು ನನ್ನ ಮೂಗಿಗೆ ನಿಂಬೆಹಣ್ಣು ಹಿಡಿದು, ಅವ್ವನ ಕಡೆ ನೋಡಿ ನಕ್ಕಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ನನ್ನನ್ನು ಹೀಯಾಳಿಸುವುದರಲ್ಲಿ ಒಂದಾಗಿಬಿಟ್ಟರು. ಅವ್ವ ಎಷ್ಟೋ ದಿನದ ಮೇಲೆ ನಕ್ಕದ್ದು ಆಗ.

ರಾತ್ರಿ ನನಗೆ ಎಚ್ಚರವಾದಾಗ ಅವಳು ಹಲಗೆಯ ಮೇಲೆ ಡಬ್ಬಿ ಹಿಡಿದು ಕೂತೇ ಇದ್ದಳು. ಮಲಗು ಅಂದೆ. ಅವಳು ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು.

"ಮಗ, ಒಂದ್ ಮಾತು. ಎಡೆ ಇಕ್ತಿದ್ದುದ್ನ ಅವ್ಳಿಗೆ ಯೋಳ್ಬ್ಯಾಡ."

"ಯಾಕವ್ವಾ?"

"ಬದ್ಕಿರೋ ಮಗ್ಳಿಗೆ ಎಡೆ ಇಕ್ದೋಳು ಕನ ನಾನು. ವರ್ಸ ವರ್ಸ, ಸತ್ತೋಳು ಸತ್ತೋಳು ಅಂತ ಕರ್ದು ಇಕ್ದೆ. ಕರ್ದದ್ದು ಯಾರ್ಗೋ ಕೇಳುಸ್ತೇನೋ. ಅದ್ಕೇ ಅವ್ಳಿಗೆ ಈ ಕಾಯ್ಲೆ ಬಂತೇನೋ."

ಹಾಗೆಲ್ಲ ಏನೂ ಇಲ್ಲ, ಸುಮ್ಮನಿರು ಎಂದು ಗದರಿದೆ. ಗದರುವುದನ್ನು ಬಿಟ್ಟು ಬೇರೆ ಏನಾದರೂ ಹೇಳಬೇಕಿತ್ತು. ನೀನು ಎಲೆ ಹಾಕಿದೆ, ನೀರು ಬಿಟ್ಟವನು ನಾನು ಎಂದಾದರೂ ಹೇಳಬೇಕಿತ್ತು. ಅವಳು ಎಷ್ಟು ವರ್ಷದಿಂದ ಇದನ್ನು ಒಳಗೆ ಇಟ್ಟುಕೊಂಡಿದ್ದಳೋ ತಿಳಿಯದು. ಮಗಳಿಗೆ ಉಣ್ಣಿಸಬೇಕೆಂಬ ಆಸೆಗೆ ಅಪ್ಪನನ್ನು ಅವನ ಮಾತಿನಲ್ಲೇ ಕಟ್ಟಿಹಾಕಿ ಅವಳು ಗೆದ್ದಿದ್ದಾಳೆ ಎಂದೇ ನಾನು ತಿಳಿದಿದ್ದೆ. ಅದೇ ಅವಳನ್ನು ಒಳಗೊಳಗೆ ತಿನ್ನುತ್ತಿತ್ತು. ಅಕ್ಕನ ಬಾಯಿಗೆ ಒಂದು ತುತ್ತು ಇಟ್ಟು ಅವಳು ಅಗಿಯುವುದನ್ನು ಕಣ್ಣಾರೆ ನೋಡಿದರೆ, ಕೊಟ್ಟದ್ದು ಬದುಕಿದವಳಿಗೇ ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಳ್ಳಬಹುದು, ಅಷ್ಟಕ್ಕೆ ಅವ್ವ ಹೊರಟಿದ್ದಳು.

ಬೆಳಿಗ್ಗೆ ದ್ವೀಪ ಕಂಡಿತು. ತೆಂಗಿನ ಮರಗಳ ಒಂದು ಪಟ್ಟಿ, ಅದರ ಮುಂದೆ ತಿಳಿ ಹಸಿರು ನೀರು. ಅವ್ವ ಹೊಸ ಸೀರೆ ಉಟ್ಟು, ತಲೆ ಬಾಚಿ, ಕುಂಕುಮ ಇಲ್ಲದ ಹಣೆಗೆ ವಿಭೂತಿ ಇಟ್ಟು ಸಿದ್ಧವಾಗಿದ್ದಳು. ಆದರೆ ಹಡಗು ದಡಕ್ಕೆ ಹೋಗುವುದಿಲ್ಲ. ದ್ವೀಪದ ಸುತ್ತ ನೀರಿನಡಿ ಹವಳದ ದಿಬ್ಬ ಇರುತ್ತದಂತೆ, ಅದರ ಆಚೆಗೇ ಹಡಗು ನಿಲ್ಲುತ್ತದೆ. ಅಲ್ಲಿಗೆ ಸಣ್ಣ ದೋಣಿಗಳು ಬರುತ್ತವೆ. ಹಡಗಿನ ಪಕ್ಕೆಯಲ್ಲಿ, ನೀರಿಗೆ ಹತ್ತಿರವಾಗಿ, ಒಂದು ಕಬ್ಬಿಣದ ಬಾಗಿಲು ತೆರೆಯುತ್ತಾರೆ. ಅದರಿಂದ ದೋಣಿಗೆ ಇಳಿಯಬೇಕು. ಅಕ್ಕನ ಮಗ ಫೋನಿನಲ್ಲಿ ಹೇಳಿದ್ದ, ಮುದುಕರು ಮಕ್ಕಳೆಲ್ಲ ಇಳಿಯುತ್ತಾರೆ ಮಾಮಾ, ಹೆದರಬೇಡಿ ಎಂದು.

ಅವನು ಹೇಳಿದ್ದು ಒಳ್ಳೆಯ ದಿನದ ಮಾತು. ಅವತ್ತು ಮುಂಗಾರಿನ ಮುಂಚಿನ ಉಬ್ಬರ ಶುರುವಾಗಿತ್ತು. ದೋಣಿ ಬಾಗಿಲ ಹೊಸ್ತಿಲಿನ ಮಟ್ಟಕ್ಕೆ ಏರಿ, ಮರುಕ್ಷಣ ಒಂದಾಳು ಕೆಳಕ್ಕೆ ಬೀಳುತ್ತಿತ್ತು. ಏರಿದ ಗಳಿಗೆಯಲ್ಲೇ ಕಾಲಿಡಬೇಕು. ದ್ವೀಪದ ಹೆಂಗಸರು ಬುರ್ಖಾ ಎತ್ತಿ ಹಿಡಿದು ಮಕ್ಕಳ ಸಮೇತ ಸರಕ್ಕನೆ ಇಳಿದರು. ನಮಗೆ ನಿಂಬೆಹಣ್ಣು ಕೊಟ್ಟವಳೂ ಇಳಿದು ಹೋದಳು. ನಮ್ಮ ಸರದಿ ಬಂತು. ಇಬ್ಬರು ಹಡಗಿನವರು ಅವ್ವನ ಎರಡೂ ತೋಳು ಹಿಡಿದರು. ಅವ್ವ ಕಾಲು ಮುಂದೆ ಇಟ್ಟಳು. ಅಷ್ಟರಲ್ಲಿ ದೋಣಿ ಬಿತ್ತು, ಅವಳ ಕಾಲು ಗಾಳಿಯಲ್ಲಿ ಉಳಿಯಿತು. ಚಪ್ಪಲಿ ಕಳಚಿ ಸಮುದ್ರಕ್ಕೆ ಹೋಯಿತು. ಅವಳನ್ನು ಹಿಂದಕ್ಕೆ ಎಳೆದುಕೊಂಡರು. ಎರಡನೆಯ ಸಲವೂ ಹಾಗೇ ಆಯಿತು, ಈ ಸಲ ದೋಣಿಯ ಅಂಚು ಹಡಗಿಗೆ ಬಡಿದು ಹಲಗೆ ಬಿರಿದ ಸದ್ದಾಯಿತು. ಬಿಳಿ ಅಂಗಿಯ ಆಫೀಸರು ಅಡ್ಡ ಬಂದು, "ಪಟ್ಟಿಲ್ಲ ಅಮ್ಮೇ, ಪಟ್ಟಿಲ್ಲ" ಅಂದ. ಆಗುವುದಿಲ್ಲ ಎಂದು.

ನಾನು ಬೆನ್ನ ಮೇಲೆ ಹೊತ್ತು ಇಳಿಯುತ್ತೇನೆ ಅಂದೆ. ಅವನು ತಲೆ ಅಲ್ಲಾಡಿಸಿದ. ನಾನು ಕೂಗಾಡಿದೆ, ತಮಿಳು ಮಲಯಾಳ ಕನ್ನಡ ಎಲ್ಲ ಸೇರಿಸಿ ಬೈದೆ. ಅವನಿಗೆ ಸಿಟ್ಟು ಬರಲಿಲ್ಲ, ನನ್ನ ಹೆಗಲ ಮೇಲೆ ಕೈ ಇಟ್ಟ. ಈಗ ಯೋಚಿಸಿದರೆ ಅವನು ಮಾಡಿದ್ದು ಸರಿ. ಅವತ್ತು ಮಾತ್ರ ಅವನನ್ನು ಸಮುದ್ರಕ್ಕೆ ತಳ್ಳುವಷ್ಟು ಕೋಪ ನನಗೆ. ಹಡಗು ಅಲ್ಲಿಂದ ಇನ್ನೆರಡು ದ್ವೀಪಕ್ಕೆ ಹೋಗಿ, ಈ ದಾರಿ ಹಿಡಿಯದೆ ನೇರ ಕೊಚ್ಚಿಗೆ ಮರಳುತ್ತದೆ. ನಮ್ಮ ಪರ್ಮಿಟ್ಟು ಈ ಒಂದು ದ್ವೀಪಕ್ಕೆ ಮಾತ್ರ.

ಅಷ್ಟರಲ್ಲಿ ಎರಡನೆಯ ದೋಣಿ ಬಂತು. ಅದರಲ್ಲಿ ಒಬ್ಬ ಹುಡುಗ ನಿಂತು ಕೈ ಬೀಸುತ್ತಿದ್ದ. ಅವನ ಕಾಲ ಬಳಿ, ಶಾಲು ಹೊದ್ದು, ತಲೆವಸ್ತ್ರ ಸುತ್ತಿಕೊಂಡು, ಒಂದು ಕಾಲು ಮಡಚಿ ಒಬ್ಬಳು ಕೂತಿದ್ದಳು. ನಮ್ಮ ಜಗಲಿಯ ಮೇಲೆ ಅಕ್ಕ ಅವರೆಕಾಯಿ ಬಿಡಿಸುತ್ತಿದ್ದಾಗ ಕೂರುತ್ತಿದ್ದ ಕೂರುವಿಕೆ ಅದು. ಕಾಯಿಲೆಯವಳು ದಡದಲ್ಲಿ ಕಾಯಲಾರದೆ ದೋಣಿ ಹತ್ತಿ ಬಂದಿದ್ದಳು. ಅವಳನ್ನು ಮೇಲೆ ಎತ್ತುವುದಂತೂ ಆಗದ ಮಾತು. ಅಷ್ಟು ಸೊರಗಿದ್ದಳು.

ದೋಣಿ ಏರಿದಾಗ ಅವಳು ನಮ್ಮ ಕಣ್ಣ ಮಟ್ಟಕ್ಕೆ ಬರುತ್ತಿದ್ದಳು, ಎರಡು ಮಾರು ದೂರದಲ್ಲಿ. ಬಿದ್ದಾಗ ಅವಳ ನೆತ್ತಿ ಮಾತ್ರ ಕಾಣುತ್ತಿತ್ತು. ಅವ್ವ ಬಾಗಿಲಲ್ಲಿ ಮಂಡಿಯೂರಿ ಕೂತಳು, ನಾನು ಹಿಂದಿನಿಂದ ಅವಳ ಸೊಂಟ ಹಿಡಿದುಕೊಂಡೆ.  ದೋಣಿ ಏರಿದಾಗ ಒಬ್ಬರನ್ನೊಬ್ಬರು ನೋಡುವುದು, ಬಿದ್ದಾಗ ಕಾಯುವುದು. ಐದಾರು ಸಲ ಹೀಗೇ ಆಯಿತು. ಅಕ್ಕ ಕೈ ಚಾಚಿದಳು, ಅವ್ವನೂ ಚಾಚಿದಳು, ನಡುವೆ ನೀರು.

ಆಮೇಲೆ ಅವ್ವನಿಗೆ ಡಬ್ಬಿಯ ನೆನಪಾಯಿತು. ಸಾಮಾನು ಇಳಿಸುವವನೊಬ್ಬ ಅದಕ್ಕೆ ಹಗ್ಗ ಕಟ್ಟಿ, ಮೊಟ್ಟೆಯ ಟ್ರೇಗಳ ಹಿಂದೆಯೇ ಕೆಳಕ್ಕೆ ಬಿಟ್ಟ. ಅಕ್ಕನ ಮಗ ಅದನ್ನು ಎದೆಗೆ ಅವಚಿ ಹಿಡಿದು ಮುಚ್ಚಳ ತೆಗೆದ. ಅಕ್ಕ ಒಂದು ಕಜ್ಜಾಯ ಕೈಗೆತ್ತಿಕೊಂಡಳು. ತಿರುಗಿಸಿ ಅಂಚು ನೋಡಿದಳು. ಕಚ್ಚಿದಳು. ದೋಣಿ ಬಿದ್ದು, ಮತ್ತೆ ಎದ್ದಾಗ ಅವಳ ಬಾಯಿ ತುಂಬ ಇತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಅವ್ವಾ! ಸೀದದೆ!" ಎಂದು ಕೂಗಿದಳು.

"ನಿಂಗೇ ಕನ ಮಗ್ಳೇ! ನಿಂಗೇ ಸೀಸಿದ್ದು! ತಿನ್ನು!" ಎಂದು ಅವ್ವ ಕೂಗಿದಳು. ಅವ್ವನಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಅಕ್ಕ ಅದನ್ನು ಪೂರ್ತಿ ತಿಂದಳು. ಆಗ ಅವಳಿಗೆ ಗಂಜಿಯೂ ಇಳಿಯುತ್ತಿರಲಿಲ್ಲವೆಂದು ಅವಳ ಮಗ ಆಮೇಲೆ ಹೇಳಿದ. ಅವ್ವನ ಕಣ್ಣೆದುರಿಗೆ ಒಂದು ಚೂರೂ ಬಿಡದೆ ತಿಂದು, ಬೆರಳು ನೆಕ್ಕಿ, ಖಾಲಿ ಕೈಯನ್ನು ಮೇಲೆತ್ತಿ ತೋರಿಸಿದಳು. ದೋಣಿಯವನು ಇನ್ನು ನಿಲ್ಲಲಾಗದು ಎಂದು ಸಿಳ್ಳೆ ಹಾಕಿದ. ದೋಣಿ ತಿರುಗಿತು. ಹಡಗಿನವರು ನಮ್ಮನ್ನು ಹಿಂದೆ ಸರಿಸಿ ಕಬ್ಬಿಣದ ಬಾಗಿಲು ಮುಚ್ಚಿ ತಿರುಪು ಬಿಗಿದರು. ಅವ್ವ ಆ ಬಾಗಿಲಿಗೆ ಕಿವಿ ಕೊಟ್ಟು ನಿಂತಳು. 

ಮತ್ತೆ ಕೊಚ್ಚಿ ಮುಟ್ಟುವವರೆಗೂ ಅವಳು ಬರಿಗಾಲಲ್ಲೇ ಇದ್ದಳು. ನನ್ನ ಚಪ್ಪಲಿ ಕೊಟ್ಟರೆ ಹಾಕಿಕೊಳ್ಳಲಿಲ್ಲ. ಕೈಯಾರೆ ತಿನ್ನಿಸಲಾಗಲಿಲ್ಲ ಎಂದು ಒಂದು ಸಲ ಅತ್ತಳು, ಆದರೂ ತಿಂದಳಲ್ಲ ಎಂದು ತಾನೇ ಸಮಾಧಾನ ಮಾಡಿಕೊಂಡಳು.

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ದಿನ ಅಕ್ಕನೇ ಫೋನು ಮಾಡಿದಳು. ದನಿ ತೀರ ಇಳಿದಿತ್ತು. "ತಮ್ಮಯ್ಯ, ನಂಗೆ ಎಡೆ ಇಕ್ತಿದ್ದುದು ಗೊತ್ತು ಕನೋ" ಅಂದಳು. ಜೊತೆಯಲ್ಲಿ ಓದಿದ ಗೂಡಲೂರಿನ ಗೆಳತಿಯೊಬ್ಬಳು ಯಾವಾಗಲೋ ಹೇಳಿದ್ದಳಂತೆ.  ನೀರು ಬಿಟ್ಟವನು ನಾನೇ ಎಂದು ಹೇಳಿದೆ. "ಅದೂ ಗೊತ್ತು. ಚಿಕ್ಕೋನು ನೀನು, ಬುಡು" ಅಂದಳು. ಪ್ರತಿ ವರ್ಷ ಆ ಅಮಾವಾಸ್ಯೆ ಯಾವತ್ತು ಬರುತ್ತದೆಂದು ಲೆಕ್ಕ ಹಾಕಿ, ಅವತ್ತು ಮಧ್ಯಾಹ್ನ ತನ್ನ ಮನೆಯ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳಂತೆ. ಅವ್ವ ಈಗ ಬಾಗಿಲು ಮುಚ್ಚಿರುತ್ತಾಳೆ ಎಂದುಕೊಳ್ಳುತ್ತಿದ್ದಳಂತೆ. "ಅವ್ವಂಗೆ ಯೋಳು, ನಾನು ಎಲ್ಲಾ ವರ್ಸನೂ ಉಂಡೆ ಅಂತ."

ಹೇಳಿದೆ. ಅವ್ವ ಅವರೆಕಾಳು ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಆರಿಸಿದಳು.

ಶ್ರಾವಣದಲ್ಲಿ ಅಕ್ಕ ಹೋದಳು. ಸಮುದ್ರ ಕೆಟ್ಟು ನಮಗೆ ಹೋಗಲಾಗಲಿಲ್ಲ. ಅವಳ ಮಗ ಫೋನಿನಲ್ಲಿ ಅಳುತ್ತ ಹೇಳಿದ, ನಾನು ಅಳುತ್ತ ಕೇಳಿದೆ. ಅವ್ವ ಅಳಲಿಲ್ಲ. ಅಪ್ಪ ಹೊಯ್ದುಕೊಂಡ ಅದೇ ಬಾವಿಯ ನೀರನ್ನು ತಲೆಗೆ ಹೊಯ್ದುಕೊಂಡು ಬಂದು ಮಲಗಿಬಿಟ್ಟಳು.

ಹಿರಿಯರ ಹಬ್ಬ ಬಂತು. ಅವ್ವ ಎಂದಿನಂತೆ ಕಜ್ಜಾಯ ಮಾಡಿದಳು, ಎಲ್ಲವೂ ಹದವಾಗಿದ್ದವು. ಒಂದೂ ಸೀದಿರಲಿಲ್ಲ. ತಾತನಿಗೆ, ಅಜ್ಜಿಗೆ, ಅಪ್ಪನಿಗೆ ಎಲೆ ಹಾಕಿ ಬಡಿಸಿದಳು. ನನ್ನ ಹೆಂಡತಿ ನಾಲ್ಕನೆಯ ಎಲೆ ತೊಳೆದು ಹಿಡಿದು ನಿಂತಿದ್ದಳು.

"ಅವ್ವಾ, ಅಕ್ಕಂದು?" ಎಂದು ಕೇಳಿದೆ.

"ಬ್ಯಾಡ."

"ಈ ವರ್ಷ ಇಡದೆ ಇದ್ದರೆ ಹೆಂಗವ್ವಾ? ಈ ವರ್ಷವೇ ಅಲ್ಲವಾ..."

"ಸತ್ತೋರಿಗೆ ಇಕ್ಕದು ಎಡೆಯಾ. ಅವ್ಳು ತಿಂದಿದ್ನ ನಾನು ಕಣ್ಣಾರೆ ಕಂಡಿವ್ನಿ" ಅಂದಳು. ಎಲೆಯನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು ಮಡಚಿ ಮೂಲೆಗೆ ಇಟ್ಟಳು.

ನಾನು ಧೂಪ ಹಾಕಿದೆ. ಎಲ್ಲರೂ ಅಂಗಳಕ್ಕೆ ಬಂದೆವು, ನಾನೇ ಬಾಗಿಲು ಎಳೆದುಕೊಂಡೆ. ಅವ್ವ ಬಾಗಿಲ ಹತ್ತಿರ ಬರಲಿಲ್ಲ. ದನದ ಕೊಟ್ಟಿಗೆಯ ಕಲ್ಲಿನ ಮೇಲೆ, ನಮಗೆ ಬೆನ್ನು ಹಾಕಿ, ಬೆಟ್ಟದ ಕಡೆ ನೋಡುತ್ತ ಕೂತಳು. ಹೊತ್ತಾಯಿತು, ಬಾಗಿಲು ತಟ್ಟು ಎಂದು ಹೆಂಡತಿ ಹೇಳಿದಳು. ನಾನು ತಟ್ಟುವ ಮೊದಲು ಒಂದು ಗಳಿಗೆ ಬಾಗಿಲಿಗೆ ಕಿವಿ ಕೊಟ್ಟೆ.